ಸಹಜವಾದುದನ್ನೆಲ್ಲ ಸಹಿಸಬೇಕೆ?

ನಲವತ್ತು ದಾಟಿದ ಗಂಡಸಿಗೆ ಪತ್ರಿಕೆಯ ಸಣ್ಣ ಅಕ್ಷರ ಮಸುಕಾಗತೊಡಗಿದರೆ ಅವನು ಚಾಳೀಸು ಕೊಳ್ಳುತ್ತಾನೆ. ಕಣ್ಣಿನ ಮಸೂರ ವಯಸ್ಸಿನೊಡನೆ ಬಿರುಸಾಗುವುದು ರೋಗವಲ್ಲ, ಬದುಕಿದವರೆಲ್ಲರಿಗೂ ಬರುವಂಥದು. ವಯಸ್ಸಿನ ಅಂಕಿಯೇ ಕನ್ನಡಕದ ಹೆಸರಾಗಿ ನಿಲ್ಲುವಷ್ಟು ಅದು ಸಹಜ. ಆದರೂ 'ಇದು ಪ್ರಕೃತಿಯ ನಿಯಮ, ಓದುವುದನ್ನು ಬಿಟ್ಟು ಸುಮ್ಮನಿರು' ಎಂದು ಅವನಿಗೆ ಯಾರೂ ಉಪದೇಶಿಸುವುದಿಲ್ಲ. ಅದೇ ಮನೆಯಲ್ಲಿ, ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ, ಅವನ ಹೆಂಡತಿ ನಡುರಾತ್ರಿ ಎದ್ದು ಕುಳಿತು ಸೆರಗಿನಿಂದ ಬೆವರೊರೆಸಿಕೊಳ್ಳುತ್ತಾಳೆ. ತಿಂಗಳುಗಟ್ಟಲೆ ನಿದ್ದೆಯಿಲ್ಲ, ಕಾರಣವಿಲ್ಲದೆ ಸಿಟ್ಟು, ಕೀಲುನೋವು, ಹೇಳಿಕೊಳ್ಳಲಾಗದ ಇನ್ನೆಷ್ಟೋ ಬಾಧೆ. ಆಕೆಗೆ ಮಾತ್ರ ಅತ್ತೆಯಿಂದ, ನೆರೆಯವರಿಂದ, ಕೆಲವೊಮ್ಮೆ ವೈದ್ಯರಿಂದಲೂ ಸಿಗುವ ಉತ್ತರ ಒಂದೇ: "ಎಲ್ಲಾ ಹೆಂಗಸರಿಗೂ ಇದ್ದದ್ದೇ ಬಿಡವ್ವ, ಸಹಿಸ್ಕೋಬೇಕು."

ಈ 'ಸಹಜ' ಎಂಬ ಮಾತಿನಿಂದ 'ಸಹಿಸಬೇಕು' ಎಂಬ ಮಾತಿಗೆ ನಾವು ಹೇಗೆ ಜಿಗಿದೆವು? ಮೊದಲನೆಯದು ಸಂಗತಿ, ಎರಡನೆಯದು ಅಪ್ಪಣೆ. ಸಂಗತಿಯೊಂದರಿಂದ ಅಪ್ಪಣೆಯೊಂದು ತಾನಾಗಿಯೇ ಹುಟ್ಟುವುದಿಲ್ಲ. ನಡುವೆ ಯಾರೋ ಒಬ್ಬರು ಅದನ್ನು ಹುಟ್ಟಿಸಿರುತ್ತಾರೆ. ನಮ್ಮ ಸೋಲಾಪುರದ ಸೀಮೆಯಲ್ಲಿ ಮಳೆ ಕೈಕೊಡುವುದು ಸಹಜ, ಬೇಸಿಗೆಯಲ್ಲಿ ನೀರು ಬತ್ತುವುದು ಸಹಜ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಶರಣರು ಇಲ್ಲಿ ಕೆರೆ ತೋಡಿಸಿದಾಗ ಪ್ರಕೃತಿಗೆ ಅಪಚಾರವಾಯಿತೆಂದು ಯಾರೂ ಕೊರಗಿದಂತಿಲ್ಲ. ಜನ ಇಂದಿಗೂ ಸಂಕ್ರಾಂತಿಯಲ್ಲಿ ಅವರ ಗದ್ದಿಗೆಗೆ ಕೈಮುಗಿಯುತ್ತಾರೆ. ಬರ ಸಹಜವೆಂಬುದೂ ಕೆರೆ ಪುಣ್ಯಕಾರ್ಯವೆಂಬುದೂ ನಮ್ಮ ಮನಸ್ಸಿನಲ್ಲಿ ಒಟ್ಟಿಗೇ ಇರಬಲ್ಲವು. ಹೆಣ್ಣಿನ ದೇಹದ ಮಾತು ಬಂದಾಗ ಮಾತ್ರ ಇವೆರಡೂ ಒಟ್ಟಿಗೆ ಇರಲಾರವೆಂದು ನಾವು ನಟಿಸುತ್ತೇವೆ.

ಹಾಗೆಂದು ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಚಾಳೀಸಿನಿಂದ ಯಾರ ಜೀವಕ್ಕೂ ಅಪಾಯವಿಲ್ಲ. ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ಹೊರಗಿನಿಂದ ಕೊಡುವ ಚಿಕಿತ್ಸೆಯ ಇತಿಹಾಸದಲ್ಲಾದರೋ ಉಪಕಾರ, ಅಪಕಾರ, ಲೋಭ, ಭಯ ನಾಲ್ಕೂ ಒಂದರ ಹಿಂದೊಂದು ಬಂದಿವೆ. ಆ ಇತಿಹಾಸವನ್ನು ಬಿಟ್ಟು ನೀತಿಯ ಮಾತಾಡಿದರೆ ಅದು ಗಾಳಿಯ ಮಾತಾದೀತು.

ಅಂಡಾಶಯದಿಂದ ಒಸರುವ ಇಂಥದೊಂದು ದ್ರವ್ಯವಿದೆಯೆಂಬುದನ್ನು ಅಮೆರಿಕದ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ ತೋರಿಸಿಕೊಟ್ಟದ್ದು 1923ರಲ್ಲಿ. 1929ರಲ್ಲಿ ಡಾಯ್ಸಿಯವರೂ ಜರ್ಮನಿಯ ಅಡಾಲ್ಫ್ ಬುಟೆನಾಂಟರೂ ಬೇರೆ ಬೇರೆಯಾಗಿ ಅದರ ಒಂದು ರೂಪವನ್ನು ಶುದ್ಧವಾಗಿ ಬೇರ್ಪಡಿಸಿದರು. 1942ರಲ್ಲಿ ಪ್ರೆಮರಿನ್ ಎಂಬ ಮಾತ್ರೆ ಅಮೆರಿಕದ ಪೇಟೆಗೆ ಬಂತು. ಗಬ್ಬದ ಹೆಣ್ಣುಕುದುರೆಗಳ ಮೂತ್ರದಿಂದ ತೆಗೆದ ಔಷಧವದು. ಅದರ ಇಂಗ್ಲಿಷ್ ಹೆಸರೇ ಆ ಮೂರು ಪದಗಳ ತುಣುಕುಗಳಿಂದ ಆದದ್ದು. (ಗೋಮೂತ್ರಕ್ಕೆ ಮೂಗು ಮುರಿಯುವವರೂ ಕೈಮುಗಿಯುವವರೂ ಇದನ್ನೊಮ್ಮೆ ಯೋಚಿಸಬಹುದು. ತಿಂಗಳುಗಟ್ಟಲೆ ಕಟ್ಟಿಹಾಕಲ್ಪಟ್ಟ ಆ ಕುದುರೆಗಳ ಪಾಡು ಬೇರೆಯೇ ಒಂದು ನೈತಿಕ ಪ್ರಶ್ನೆ. ಇಂದು ಬಳಕೆಯಲ್ಲಿರುವ ಈಸ್ಟ್ರಡಯೋಲ್ ಮುಂತಾದವುಗಳಿಗೆ ಕುದುರೆಯ ಹಂಗಿಲ್ಲ.)

ಅದೇ ಕಾಲದಲ್ಲಿ, 1938ರಲ್ಲಿ, ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಪ್ರಯೋಗಶಾಲೆಯಲ್ಲೇ ತಯಾರಿಸಬಹುದಾದ ಅಗ್ಗದ ಈಸ್ಟ್ರೊಜೆನ್ ಒಂದನ್ನು ಕಂಡುಹಿಡಿದರು. ಡಯೀಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂದು ಅದರ ಹೆಸರು. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ, ಲೋಕೋಪಯೋಗಿ ಎನಿಸಿಕೊಂಡಿತು. ಗರ್ಭಪಾತವನ್ನು ತಡೆಯಬಲ್ಲದೆಂಬ ನಂಬಿಕೆಯಿಂದ ಅಮೆರಿಕದಲ್ಲಿ ಲಕ್ಷಾಂತರ ಬಸುರಿಯರಿಗೆ ಅದನ್ನು ಕೊಟ್ಟರು. 1953ರಲ್ಲಿ ಶಿಕಾಗೋದಲ್ಲಿ ನಡೆದ ಪರೀಕ್ಷೆಯೊಂದು ಅದರಿಂದ ಗರ್ಭಪಾತ ತಪ್ಪುವುದೇ ಇಲ್ಲವೆಂದು ತೋರಿಸಿತು. ಆಮೇಲೂ ವೈದ್ಯರು ಹದಿನೆಂಟು ವರ್ಷ ಕೊಡುತ್ತಲೇ ಹೋದರು. 1971ರಲ್ಲಿ ಬಾಸ್ಟನ್ನಿನ ವೈದ್ಯರು, ಆ ತಾಯಂದಿರ ಹೊಟ್ಟೆಯಲ್ಲಿದ್ದ ಹೆಣ್ಣುಮಕ್ಕಳಲ್ಲಿ ಹರೆಯಕ್ಕೆ ಬಂದಾಗ ಯೋನಿಯ ಅಪರೂಪದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತಿರುವುದನ್ನು ವರದಿ ಮಾಡಿದರು. ತಾಯಿ ನುಂಗಿದ ಮಾತ್ರೆಗೆ ಮಗಳು ಬೆಲೆ ತೆತ್ತಿದ್ದಳು. ಔಷಧ ಕೊಟ್ಟವರಲ್ಲಿ ಹೆಚ್ಚಿನವರು ಕೆಡುಕರಲ್ಲ. ಅವರಿಗೆ ಮಗು ಉಳಿಯಬೇಕಾಗಿತ್ತು. ಒಳ್ಳೆಯ ಉದ್ದೇಶವಿದ್ದವನಿಗೆ ಪುರಾವೆ ಕೇಳುವ ಅಭ್ಯಾಸ ಬೇಗ ತಪ್ಪಿಹೋಗುತ್ತದೆ, ಅಷ್ಟೇ.

ಋತುಬಂಧದ ಕಡೆಗೆ ಮರಳೋಣ. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ಅಮೆರಿಕನ್ ವೈದ್ಯ 'ಫೆಮಿನೈನ್ ಫಾರೆವರ್' ಎಂಬ ಪುಸ್ತಕ ಬರೆದ. ಮುಟ್ಟು ನಿಲ್ಲುವುದೆಂದರೆ ಕೊರತೆಯ ರೋಗ, ಹಾರ್ಮೋನ್ ತುಂಬಿದರೆ ಹೆಣ್ಣು ಎಂದೆಂದಿಗೂ ಹೆಣ್ಣಾಗಿಯೇ ಇರಬಲ್ಲಳು ಎಂಬುದು ಅದರ ತಿರುಳು. ಪುಸ್ತಕ ಭರದಿಂದ ಮಾರಾಟವಾಯಿತು. ಅದರ ಹಿಂದೆ ಔಷಧ ಕಂಪನಿಯ ಹಣವಿತ್ತೆಂಬುದನ್ನು ವಿಲ್ಸನ್ನರ ಮಗನೇ ಬಹುಕಾಲದ ಮೇಲೆ ಹೇಳಿದ. ಈ ವಾದವನ್ನು ನಾನು ಹಣದ ಕಾರಣಕ್ಕಾಗಿ ಮಾತ್ರ ತಿರಸ್ಕರಿಸುತ್ತಿಲ್ಲ. 'ಸಹಜ, ಆದ್ದರಿಂದ ಸಹಿಸು' ಎನ್ನುವ ನಮ್ಮ ಅಜ್ಜಿಯರ ಮಾತಿನಲ್ಲಿ ಹೆಣ್ಣಿನ ನೋವಿಗೆ ಬೆಲೆಯಿಲ್ಲ. 'ಇದು ರೋಗ, ಗುಣಪಡಿಸಿಕೊ' ಎನ್ನುವ ವಿಲ್ಸನ್ನನ ಮಾತಿನಲ್ಲಿ ಹೆಣ್ಣಿನ ವಯಸ್ಸಿಗೇ ಬೆಲೆಯಿಲ್ಲ. ಆತ ತೂಗಿದ್ದು ಗಂಡನ ಕಣ್ಣಿಗೆ ಆಕೆ ಹೇಗೆ ಕಾಣುತ್ತಾಳೆ ಎಂಬುದನ್ನು. ಆಕೆಗೆ ಸ್ವತಃ ಏನಾಗುತ್ತಿದೆಯೆಂಬುದನ್ನು ಈ ಇಬ್ಬರಲ್ಲಿ ಯಾರೂ ಕೇಳಲಿಲ್ಲ.

ಕೇಳಿದ್ದರೆ ಉತ್ತರಗಳು ಒಂದೇ ಆಗಿರುತ್ತಿರಲಿಲ್ಲ ಎಂಬುದೂ ನಿಜ. ಮುಟ್ಟು ನಿಂತಿತೆಂದು ನಿಟ್ಟುಸಿರು ಬಿಟ್ಟು ಸಂತೋಷಪಡುವ ಹೆಂಗಸರು ನಮ್ಮಲ್ಲಿ ಎಷ್ಟಿಲ್ಲ? ಇನ್ನು ಬಸಿರಿನ ಭಯವಿಲ್ಲ, ದೇವರ ಮನೆಯ ಹೊಸ್ತಿಲಲ್ಲಿ ತಡೆಯುವವರಿಲ್ಲ. ಶರಣರು ಪಂಚಸೂತಕಗಳನ್ನು ಅಲ್ಲಗಳೆದು ಎಂಟು ನೂರು ವರ್ಷಗಳೇ ಆಗಿದ್ದರೂ, ರಜಸ್ಸೂತಕವಿಲ್ಲವೆಂದು ಭಾಷಣದಲ್ಲಿ ಹೇಳುವ ಮನೆಗಳಲ್ಲೇ ಹೆಂಗಸರು ಆ ದಿನಗಳಲ್ಲಿ ಮೂಲೆ ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಅಂಥಲ್ಲಿ ಋತುಬಂಧವೆಂಬುದು ಬಿಡುಗಡೆ. ಕೆಲವರಿಗೆ ಅದು ಗಮನಕ್ಕೇ ಬಾರದೆ ಸಾಗಿಹೋಗುತ್ತದೆ. ಮತ್ತೆ ಕೆಲವರಿಗೆ ಮೈಯ ಝಳ ವರ್ಷಗಟ್ಟಲೆ ಬಿಡುವುದಿಲ್ಲ. ಅಮೆರಿಕದಲ್ಲಿ ಬಹುಕಾಲ ನಡೆದ 'ಸ್ವಾನ್' ಅಧ್ಯಯನದಲ್ಲಿ ಪದೇ ಪದೇ ಝಳ ಬರುತ್ತಿದ್ದವರಿಗೆ ಅದು ಇದ್ದ ಮಧ್ಯಮ ಅವಧಿ 7.4 ವರ್ಷ. ಏಳು ವರ್ಷ ಸರಿಯಾಗಿ ನಿದ್ದೆ ಮಾಡದವಳಿಗೆ 'ಎಲ್ಲರಿಗೂ ಇದ್ದದ್ದೇ' ಎಂದು ಹೇಳುವುದು ಸಮಾಧಾನವೂ ಅಲ್ಲ, ಸತ್ಯವೂ ಅಲ್ಲ. ಎಲ್ಲರಿಗೂ ಹಾಗೆ ಇರುವುದಿಲ್ಲ.

1975ರಲ್ಲಿ ಮೊದಲ ಪೆಟ್ಟು ಬಿತ್ತು. ಗರ್ಭಕೋಶ ಇರುವ ಹೆಂಗಸಿಗೆ ಈಸ್ಟ್ರೊಜೆನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪೊರೆ ದಪ್ಪವಾಗಿ ಅಲ್ಲಿ ಕ್ಯಾನ್ಸರಿನ ಸಂಭವ ಹಲವು ಪಟ್ಟು ಏರುತ್ತದೆಂದು ಎರಡು ಅಧ್ಯಯನಗಳು ಸಾರಿದವು. ಜೊತೆಗೆ ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನ್ ಸೇರಿಸಿದರೆ ಆ ಅಪಾಯ ತಗ್ಗುತ್ತದೆಂದು ತಿಳಿದ ಮೇಲೆ ಚಿಕಿತ್ಸೆ ಮತ್ತೆ ಚಿಗುರಿತು. ಈ ಬಾರಿ ಅದಕ್ಕೆ ಹೊಸ ಹೊಗಳಿಕೆ: ಹೃದಯವನ್ನು ಕಾಯುತ್ತದೆ, ಮುಪ್ಪನ್ನು ಮುಂದೂಡುತ್ತದೆ. ಈ ಹೊಗಳಿಕೆ ನಿಜವೇ ಎಂದು ಒರೆಗೆ ಹಚ್ಚಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಎಂಬ ದೊಡ್ಡ ಪ್ರಯೋಗ ಹೂಡಿತು. ಗರ್ಭಕೋಶವಿದ್ದ 16,608 ಮಹಿಳೆಯರಲ್ಲಿ ಕೆಲವರಿಗೆ ಎರಡೂ ಹಾರ್ಮೋನುಗಳ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ. ಯಾರಿಗೆ ಯಾವುದೆಂಬುದು ಚೀಟಿ ಎತ್ತಿದಂತೆ ನಿರ್ಧಾರ. 2002ರ ಜುಲೈನಲ್ಲಿ, ಸರಾಸರಿ 5.2 ವರ್ಷವಾಗುವಷ್ಟರಲ್ಲಿ, ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಕಾಪಾಡುವುದಿರಲಿ, ಅಪಾಯವೇ ಮೇಲಾಗಿ ಕಂಡಿತ್ತು.

ಜಗತ್ತಿನ ಪತ್ರಿಕೆಗಳು ಮರುದಿನ ಬರೆದವು: ಸ್ತನ ಕ್ಯಾನ್ಸರ್ ಶೇಕಡ 26 ಹೆಚ್ಚಳ. ಹೆಂಗಸರು ಮಾತ್ರೆಗಳನ್ನು ಕಸದ ಬುಟ್ಟಿಗೆ ಹಾಕಿದರು. ವೈದ್ಯರು ಬರೆಯುವುದನ್ನೇ ಬಿಟ್ಟರು. ಆ ಶೇಕಡ 26 ಎಂಬುದು ಸುಳ್ಳಲ್ಲ. ಆದರೆ ಅದೇ ಸಂಗತಿಯನ್ನು ಹೀಗೂ ಹೇಳಬಹುದಿತ್ತು. ನಮ್ಮ ಗಡ್ಡಾ ಜಾತ್ರೆಯಲ್ಲಿ ನೆರೆಯುವ ಜನರಲ್ಲಿ ಆ ವಯಸ್ಸಿನ 10,000 ಹೆಂಗಸರನ್ನು ಒಂದೆಡೆ ನಿಲ್ಲಿಸಿದಿರೆಂದುಕೊಳ್ಳಿ. ಪ್ರಯೋಗದ ಲೆಕ್ಕವನ್ನು ಅವರಿಗೆ ಹಚ್ಚಿದರೆ, ಮಾತ್ರೆ ನುಂಗದಿದ್ದರೆ ಒಂದು ವರ್ಷದಲ್ಲಿ ಅವರಲ್ಲಿ 30 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ, ಎಲ್ಲರೂ ನುಂಗಿದರೆ 38 ಮಂದಿಗೆ. ಎಂಟು ಮಂದಿ ಹೆಚ್ಚು. ಹಾಗೆಯೇ ಎಂಟು ಪಾರ್ಶ್ವವಾಯು, ಎಂಟು ಮಂದಿಗೆ ಶ್ವಾಸಕೋಶದಲ್ಲಿ ರಕ್ತದ ಹೆಪ್ಪು, ಏಳು ಹೃದಯಾಘಾತ ಹೆಚ್ಚು. ಸೊಂಟದ ಮೂಳೆಮುರಿತ ಐದು ಕಡಿಮೆ, ದೊಡ್ಡಕರುಳಿನ ಕ್ಯಾನ್ಸರ್ ಆರು ಕಡಿಮೆ. ಎರಡು ಹೇಳಿಕೆಯೂ ಒಂದೇ ಗಣಿತ. ಒಂದು ಹೇಳಿಕೆ ಓಡಿಸುತ್ತದೆ, ಇನ್ನೊಂದು ಕುಳಿತು ಯೋಚಿಸಲು ಬಿಡುತ್ತದೆ. ಅಂಕಿಯನ್ನು ಯಾವ ರೂಪದಲ್ಲಿ ಕೊಡಬೇಕೆಂಬುದು ಬರಿಯ ಭಾಷೆಯ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ ಎಂದು ನನ್ನ ಎಣಿಕೆ. ಎದುರಿಗಿರುವವಳು ನಿರ್ಧರಿಸಬಲ್ಲಳೆಂಬ ಗೌರವವಿದ್ದವನು ಎರಡನೆಯ ಬಗೆಯಲ್ಲಿ ಹೇಳುತ್ತಾನೆ.

ಇನ್ನೊಂದು ಸಂಗತಿ ಆ ಗದ್ದಲದಲ್ಲಿ ಮುಳುಗಿಹೋಯಿತು. ಪ್ರಯೋಗದಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63. ಮೈಯ ಝಳಕ್ಕೆಂದು ಚಿಕಿತ್ಸೆ ಬೇಡುವವಳು ಐವತ್ತರ ಆಸುಪಾಸಿನವಳು; ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಇನ್ನೂ ಮುಂಚೆ, ಸುಮಾರು 46–47. ಗರ್ಭಕೋಶವಿಲ್ಲದ 10,739 ಮಹಿಳೆಯರಿಗೆ ಈಸ್ಟ್ರೊಜೆನ್ ಒಂದನ್ನೇ ಕೊಟ್ಟ ಜೊತೆಯ ಪ್ರಯೋಗ 2004ರಲ್ಲಿ ನಿಂತಿತು. ಅದರಲ್ಲಿ ಪಾರ್ಶ್ವವಾಯು ಹೆಚ್ಚಿತ್ತು, ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಮುಂದಿನ ವರ್ಷಗಳ ಲೆಕ್ಕದಲ್ಲಿ ಕಡಿಮೆಯೇ ಕಂಡಿತು. 2017ರಲ್ಲಿ, ಹದಿನೆಂಟು ವರ್ಷಗಳ ಲೆಕ್ಕ ತೆಗೆದಾಗ, ಹಾರ್ಮೋನ್ ತೆಗೆದುಕೊಂಡವರಲ್ಲೂ ಇಲ್ಲದವರಲ್ಲೂ ಒಟ್ಟು ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಈಗ ಬಹುಪಾಲು ತಜ್ಞರ ಮಾತು ಹೀಗಿದೆ: ಅರುವತ್ತರೊಳಗಿನ, ಅಥವಾ ಮುಟ್ಟು ನಿಂತು ಹತ್ತು ವರ್ಷ ದಾಟದ, ಬಾಧೆಯಿರುವ ಆರೋಗ್ಯವಂತ ಮಹಿಳೆಗೆ ಅಪಾಯಕ್ಕಿಂತ ಉಪಯೋಗ ಹೆಚ್ಚು, ಸ್ತನ ಕ್ಯಾನ್ಸರ್, ರಕ್ತದ ಹೆಪ್ಪು, ಪಾರ್ಶ್ವವಾಯು, ಯಕೃತ್ತಿನ ರೋಗ ಇದ್ದವರಿಗೂ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೂ ಸಲ್ಲದು. ಚರ್ಮಕ್ಕೆ ಅಂಟಿಸುವ ಪಟ್ಟಿ, ಹಚ್ಚುವ ಜೆಲ್‌ಗಳಲ್ಲಿ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆಯೆಂದು ಕಂಡಿದೆ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಆಡಳಿತವು ಈ ಔಷಧಗಳ ಮೇಲಿನ ಕಪ್ಪುಚೌಕಟ್ಟಿನ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಯುವುದಾಗಿ ಸಾರಿತು. ಅದನ್ನು ಸ್ವಾಗತಿಸಿದವರೂ ಇದ್ದಾರೆ, ಲೋಲಕ ಮತ್ತೆ ಆ ತುದಿಗೆ ಹೋದೀತೆಂದು ಅಳುಕುವವರೂ ಇದ್ದಾರೆ. 1966ನ್ನು ನೆನಪಿಟ್ಟುಕೊಂಡವರಿಗೆ ಅಳುಕು ತಪ್ಪಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಆಯ್ಕೆಯಿರುವ ಹೆಂಗಸಿನ ಕಥೆ. ಆಕೆ ಓದಬಲ್ಲಳು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಬಲ್ಲಳು, ತಿಂಗಳ ಔಷಧಕ್ಕೆ ದುಡ್ಡು ತೆರಬಲ್ಲಳು. ನಾನು ಈ ವಿಷಯವನ್ನು ಎತ್ತಿಕೊಂಡದ್ದು ಆಕೆಗಿಂತ ಹೆಚ್ಚಾಗಿ ಇನ್ನೊಬ್ಬಳಿಗಾಗಿ.

ದೀಪಾವಳಿಯ ಹೊತ್ತಿಗೆ ಬೀಡ ಜಿಲ್ಲೆಯಿಂದ ಕಬ್ಬು ಕಡಿಯುವವರ ಬಂಡಿಗಳೂ ಟ್ರ್ಯಾಕ್ಟರುಗಳೂ ಸೋಲಾಪುರ, ಸಾಂಗಲಿ, ಕೊಲ್ಹಾಪುರದ ಕಾರ್ಖಾನೆಗಳತ್ತ, ಗಡಿ ದಾಟಿ ಬೆಳಗಾವಿ–ಬಾಗಲಕೋಟೆಯತ್ತ ಹೋಗುವುದನ್ನು ನಮ್ಮಲ್ಲಿ ಕಾಣದವರಿಲ್ಲ. ಗಂಡಹೆಂಡಿರ ಜೋಡಿಗೆ 'ಕೊಯತಾ' ಎಂದೇ ಹೆಸರು; ಕೊಯ್ಯುವ ಕತ್ತಿಯ ಹೆಸರಿನಿಂದಲೇ ಮನುಷ್ಯರನ್ನು ಎಣಿಸುವುದು. ಮುಕಾದಮನಿಂದ ಮುಂಗಡ ಪಡೆದಿರುತ್ತಾರೆ. ಜೋಡಿಯಲ್ಲಿ ಒಬ್ಬರು ಒಂದು ದಿನ ಕುಳಿತರೂ ದಂಡ. ಹೊಲದ ಬದುವಿನ ಗುಡಿಸಲಲ್ಲಿ ನೀರಿಲ್ಲ, ಮರೆಯಿಲ್ಲ. ಮುಟ್ಟಿನ ದಿನ, ಬಿಳಿಸೆರಗಿನ ಬಾಧೆ, ಹೊಟ್ಟೆನೋವು, ಎಲ್ಲಕ್ಕೂ ಸಿಗುವ ಸಲಹೆ: ಚೀಲ ತೆಗೆಸಿಬಿಡು. ಈ ಸುದ್ದಿ 2019ರಲ್ಲಿ ದೇಶದ ಪತ್ರಿಕೆಗಳಿಗೆ ಬಂದು ಮಹಾರಾಷ್ಟ್ರ ಸರಕಾರ ಸಮಿತಿ ನೇಮಿಸಿತು. ಬೀಡ ಜಿಲ್ಲೆಯಲ್ಲಿ ವಿಚಾರಿಸಿದ ಸುಮಾರು 82 ಸಾವಿರ ಕಬ್ಬುಕಾರ್ಮಿಕ ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಅವರಲ್ಲಿ ಅನೇಕರು ನಲವತ್ತರೊಳಗಿನವರು. ಇದು ಬೀಡಕ್ಕೆ ಮಾತ್ರ ಅಂಟಿದ ಕಳಂಕವೂ ಅಲ್ಲ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ ಇಂಥದೇ ದೂರುಗಳು ಬಂದಿದ್ದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಮೂವರಿಗೆ ಗರ್ಭಕೋಶವಿಲ್ಲ. ನಮ್ಮ ಆದವಾನಿ–ರಾಯದುರ್ಗದ ಬಂಧುಗಳಿರುವ ಆಂಧ್ರದಲ್ಲೂ ತೆಲಂಗಾಣದಲ್ಲೂ ಆ ಪ್ರಮಾಣ ಇದರ ಎರಡರಷ್ಟಕ್ಕೂ ಮೇಲೆ. ಈ ಶಸ್ತ್ರಕ್ರಿಯೆಗಳಲ್ಲಿ ಮೂರರಲ್ಲಿ ಎರಡರಷ್ಟು ನಡೆಯುವುದು ಖಾಸಗಿ ಆಸ್ಪತ್ರೆಗಳಲ್ಲಿ.

ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ. ಅಂಡಾಶಯಗಳನ್ನು ಉಳಿಸಿದ್ದರೆ ಈಸ್ಟ್ರೊಜೆನ್ ಒಸರುತ್ತಲೇ ಇರುತ್ತದೆ, ಕೆಲವರಲ್ಲಿ ತುಸು ಬೇಗ ಬತ್ತಿದರೂ. ಅಂಡಾಶಯಗಳನ್ನೂ ಸೇರಿಸಿ ತೆಗೆದರೆ ಹಾಗಲ್ಲ. ವರ್ಷಗಟ್ಟಲೆ ಸಾವಕಾಶವಾಗಿ ಇಳಿಯಬೇಕಾದ ಹಾರ್ಮೋನು ಒಂದೆರಡು ದಿನಗಳಲ್ಲಿ ತಳ ಕಾಣುತ್ತದೆ. ಮೂವತ್ತೈದರ ಹೆಂಗಸು ಶಸ್ತ್ರಕ್ರಿಯೆಯ ಮೇಜಿನಿಂದ ಐವತ್ತೈದರ ಮೂಳೆಯತ್ತ ಇಳಿಯತೊಡಗುತ್ತಾಳೆ. ಮೂಳೆ ಸವೆತ, ಹೃದಯರೋಗ ಎರಡರ ಸಂಭವವೂ ಏರುತ್ತದೆ. 2002ರ ಪ್ರಯೋಗದ ಭಯ ಆಕೆಗೆ ಅನ್ವಯಿಸುವುದೇ ಇಲ್ಲ. ಆಕೆಗೆ ಕೊಡುವ ಈಸ್ಟ್ರೊಜೆನ್ ಹೆಚ್ಚುವರಿಯಲ್ಲ, ಕಸಿದದ್ದನ್ನು ಹಿಂದಿರುಗಿಸುವುದು. ಬೇರೆ ಅಡ್ಡಿಯಿಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಆಕೆಗೆ ಅದನ್ನು ಕೊಡಬೇಕೆಂಬುದರಲ್ಲಿ ವೈದ್ಯಶಾಸ್ತ್ರದ ಮಾರ್ಗದರ್ಶಿಗಳಿಗೆ ಭಿನ್ನಾಭಿಪ್ರಾಯವಿಲ್ಲ. ಗರ್ಭಕೋಶ ಇಲ್ಲದ್ದರಿಂದ ಪ್ರೊಜೆಸ್ಟರಾನ್ ಸೇರಿಸುವ ಗೊಡವೆಯೂ ಸಾಮಾನ್ಯವಾಗಿ ಇಲ್ಲ. ಅಂದರೆ ಈ ಚಿಕಿತ್ಸೆಯ ಅಗತ್ಯ ಅತ್ಯಂತ ಸ್ಪಷ್ಟವಾಗಿರುವವಳು ಈಕೆ. ಈ ಔಷಧದ ಹೆಸರನ್ನು ಕೂಡ ಕೇಳದವಳೂ ಈಕೆಯೇ. ಹೊಲಿಗೆ ಬಿಚ್ಚಿದ ದಿನ ಆಸ್ಪತ್ರೆಗೂ ಆಕೆಗೂ ಇದ್ದ ಸಂಬಂಧ ಮುಗಿಯಿತು. ಮುಂದಿನ ವರ್ಷ ಕಬ್ಬಿನ ಹೊರೆ ಹೊತ್ತಾಗ ಸೊಂಟ ನೋಯುತ್ತದೆ, ಬೆನ್ನು ಬಾಗುತ್ತದೆ, 'ವಯಸ್ಸಾಯಿತು' ಎಂದುಕೊಳ್ಳುತ್ತಾಳೆ. ಇಲ್ಲಿ 'ಸಹಜ' ಎಂಬ ಪದ ಅಪ್ಪಣೆಯಾಗಿಯೂ ಉಳಿದಿಲ್ಲ, ಅದೊಂದು ಮುಚ್ಚಳ. ಮನುಷ್ಯರು ಮಾಡಿದ್ದನ್ನು ಪ್ರಕೃತಿಯ ಲೆಕ್ಕಕ್ಕೆ ಬರೆಯುವ ಉಪಾಯ.

ಒಪ್ಪಿಗೆಯ ಮಾತು ಇಲ್ಲೇ ಬರಬೇಕು. 2008ರ ಜನವರಿ 16ರಂದು ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪೊಂದು ನಮ್ಮ ಪ್ರತಿ ಮನೆಯಲ್ಲೂ ತಿಳಿದಿರತಕ್ಕದ್ದು. ನಲವತ್ತನಾಲ್ಕು ವರ್ಷದ ಅವಿವಾಹಿತ ಮಹಿಳೆಯೊಬ್ಬರು ಹೆಚ್ಚಿನ ರಕ್ತಸ್ರಾವಕ್ಕೆಂದು ದೆಹಲಿಯ ಚಿಕಿತ್ಸಾಲಯಕ್ಕೆ ಹೋದರು. ದುರ್ಬೀನು ಇಳಿಸಿ ನೋಡುವ ತಪಾಸಣೆಗೆ ಅವರಿಂದ ಸಹಿ ಪಡೆದು ಅರಿವಳಿಕೆ ಕೊಡಲಾಯಿತು. ಅವರು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಹೊರಗೆ ಕುಳಿತಿದ್ದ ವೃದ್ಧ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆದರು. ನ್ಯಾಯಾಲಯ ವೈದ್ಯರ ಉದ್ದೇಶವನ್ನು ಸಂಶಯಿಸಲಿಲ್ಲ. ರೋಗಿಯ ಒಳಿತಿಗೆಂದೇ ಮಾಡಿರಬಹುದೆಂದಿತು. ಆದರೂ, ಪ್ರಾಣಕ್ಕೆ ಕುತ್ತಿಲ್ಲದಿರುವಾಗ ವಯಸ್ಕಳಾದ, ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸಿನ ಪರವಾಗಿ ತಾಯಿಯೂ ಒಪ್ಪಿಗೆ ಕೊಡಲಾರಳು, ಎಚ್ಚರವಾಗುವವರೆಗೆ ಕಾಯಬೇಕಿತ್ತು ಎಂದು ತೀರ್ಮಾನಿಸಿತು. ಪರಿಹಾರವೆಂದು ಕೊಡಿಸಿದ್ದು 25,000 ರೂಪಾಯಿ. ಆ ಮೊತ್ತ ಅತ್ಯಲ್ಪವೆಂದೇ ನನ್ನ ಅಭಿಪ್ರಾಯ; ತತ್ತ್ವ ದೊಡ್ಡದು. ಮುಂದೆ ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಅನಗತ್ಯ ಶಸ್ತ್ರಕ್ರಿಯೆಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 2023ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯ, ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಆದೇಶಿಸಿತು.

ಗಡಿಯಾಚೆಯ ಕನ್ನಡಿಗರಾದ ನಮಗೆ ಒಪ್ಪಿಗೆಗೆ ಇನ್ನೊಂದು ತೊಡಕಿದೆ. ಅಕ್ಕಲಕೋಟೆಯ ಹಳ್ಳಿಯ ಹೆಂಗಸು ಮನೆಯಲ್ಲಿ ಕನ್ನಡ ಆಡುತ್ತಾಳೆ, ಪೇಟೆಯಲ್ಲಿ ಮರಾಠಿ. ಆಕೆ ಹೆಬ್ಬೆಟ್ಟು ಒತ್ತುವ ಕಾಗದ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ. ಮರಾಠಿಯಲ್ಲಿ ಸಂತೆ ಮಾಡಬಲ್ಲವಳು ಮರಾಠಿಯಲ್ಲಿ ತನ್ನ ಮೈಯೊಳಗಿನ ಸಂಗತಿ ಹೇಳಬಲ್ಲಳೆಂದು ಭಾವಿಸಲಾಗದು. "ಮೈ ಝಳಾ ಹೊಡೀತದ, ಜೀವಾ ಕಸಿವಿಸಿ ಆಗ್ತದ" ಎಂಬ ಮಾತನ್ನು ನಡುವೆ ನಿಂತ ಮಗನೋ ಭಾವನೋ ಅನುವಾದಿಸುವಷ್ಟರಲ್ಲಿ ಅದು "ಜ್ವರ ಬರತದಂತ" ಎಂದಾಗಿರುತ್ತದೆ. ಒಣಗುವಿಕೆ, ದಾಂಪತ್ಯದ ನೋವು ಮುಂತಾದುವನ್ನು ಮಗನ ಮುಂದೆ ಹೇಳುವುದಾದರೂ ಹೇಗೆ? ಕಾಸರಗೋಡಿನಲ್ಲಿ ಮಲಯಾಳ, ಹೊಸೂರು–ತಾಳವಾಡಿಯಲ್ಲಿ ತಮಿಳು, ಆದವಾನಿಯಲ್ಲಿ ತೆಲುಗು. ಭಾಷೆ ಬೇರೆಯಾದರೂ ಪಾಡು ಇದೇ. ಭಾಷೆಯ ಹಕ್ಕೆಂದರೆ ಶಾಲೆ, ಫಲಕ, ಅರ್ಜಿಗಳೆಂದು ನಾವು ಠರಾವು ಮಾಡುತ್ತ ಬಂದಿದ್ದೇವೆ. ವೈದ್ಯರ ಕೋಣೆಯಲ್ಲಿ ಹೆಂಗಸು ತನ್ನ ಮಾತಿನಲ್ಲಿ ಇಲ್ಲವೆನ್ನುವ ಹಕ್ಕು ಆ ಠರಾವುಗಳಲ್ಲಿ ಈವರೆಗೆ ಕಂಡಿಲ್ಲ.

ಇಷ್ಟು ಹೇಳಿದ ಮೇಲೂ, ಪ್ರಕೃತಿಯನ್ನು ಮೀರಬಾರದೆಂಬ ಆಕ್ಷೇಪ ಕೆಲವರ ಮನಸ್ಸಿನಲ್ಲಿ ಉಳಿಯಬಹುದು. ಅದನ್ನು ಹಗುರವಾಗಿ ತಳ್ಳಿಹಾಕಲು ಮನಸ್ಸಿಲ್ಲ. ಸಹನೆಗೆ ನಿಜವಾಗಿಯೂ ಘನತೆಯಿದೆ, ಅದನ್ನು ತಾನೇ ಆರಿಸಿಕೊಂಡಾಗ. ಮಾತ್ರೆ ಬೇಡವೆಂದು ತಿಳಿದು ಹೇಳುವವಳನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಆಕ್ಷೇಪಿಸುವವರು ಒಂದಿಷ್ಟು ಬೇರೆ ಮುಖಗಳನ್ನೂ ನೋಡಬೇಕು. ಎರಡು ಎಕ್ಸ್ ವರ್ಣತಂತುಗಳಿರಬೇಕಾದಲ್ಲಿ ಒಂದೇ ಇದ್ದು ಹುಟ್ಟುವ ಟರ್ನರ್ ಸಿಂಡ್ರೋಮಿನ ಹೆಣ್ಣುಮಗು ಎರಡು ಸಾವಿರಕ್ಕೋ ಎರಡೂವರೆ ಸಾವಿರಕ್ಕೋ ಒಂದು. ಹೆಚ್ಚಿನವರಲ್ಲಿ ಅಂಡಾಶಯ ಕೆಲಸ ಮಾಡದು. ಹನ್ನೊಂದು–ಹನ್ನೆರಡರ ಸುಮಾರಿಗೆ ಅತಿ ಸಣ್ಣ ಪ್ರಮಾಣದಲ್ಲಿ ಈಸ್ಟ್ರೊಜೆನ್ ಕೊಡಲಾರಂಭಿಸಿದರೆ ಗೆಳತಿಯರ ಜೊತೆಗೇ ಆಕೆಯೂ ಹರೆಯಕ್ಕೆ ಕಾಲಿಡುತ್ತಾಳೆ. ಆಕೆಗೆ ಸಹಜವಾದದ್ದು ಮೈನೆರೆಯದಿರುವುದು. ಅದನ್ನು ಸಹಿಸೆಂದು ಯಾವ ತಾಯಿ ಹೇಳಿಯಾಳು? ಗಂಡಾಗಿ ಹುಟ್ಟಿದ ಮೈಯಲ್ಲಿ ತಾನು ಹೆಣ್ಣೆಂದು ಅರಿತ ಜೋಗಪ್ಪನೋ ಲಿಂಗಪರಿವರ್ತಿತಳೋ ಸಮಾಜದ ಒಲವಿಲ್ಲದೆ ಇದೇ ಹಾರ್ಮೋನನ್ನು ಅಂಗಡಿಯಿಂದ ಕದ್ದುಮುಚ್ಚಿ ಕೊಂಡು, ಪ್ರಮಾಣ ತಿಳಿಯದೆ ನುಂಗುವುದುಂಟು. 2019ರ ಕಾಯ್ದೆ ಅಂಥವರ ಹಾರ್ಮೋನ್ ಚಿಕಿತ್ಸೆಯನ್ನು ಸರಕಾರದ ಹೊಣೆಗಳಲ್ಲಿ ಸೇರಿಸಿತು. ಇನ್ನು ಗಂಡಸರು: ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರನ್ನು ಈಸ್ಟ್ರೊಜೆನ್ ಕೊಟ್ಟು ಕುಗ್ಗಿಸಬಹುದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ನೊಬೆಲ್ ಪಡೆದರು. 'ಹೆಣ್ಣಿನ ಹಾರ್ಮೋನು' ನುಂಗಿ ನೋವು ನೀಗಿಸಿಕೊಂಡ ಆ ಮುದುಕರಲ್ಲಿ ಯಾರಿಗೂ ಪ್ರಕೃತಿಗೆ ವಿರುದ್ಧವಾಗಿ ನಡೆಯುತ್ತಿರುವಿರೆಂದು ಹೇಳಿದವರನ್ನು ನಾನು ಓದಿಲ್ಲ.

ಕೊನೆಗೊಂದು ವ್ಯವಹಾರದ ಮಾತು. ಗರ್ಭಕೋಶ ತೆಗೆಸಿಕೊಂಡ ಅಕ್ಕ, ಅತ್ತಿಗೆ, ಮನೆಗೆಲಸದಾಕೆ ಯಾರಾದರೂ ನಿಮ್ಮ ಪರಿಚಯದಲ್ಲಿ ಇದ್ದೇ ಇರುತ್ತಾರೆ. ಅವರ ಟ್ರಂಕಿನ ತಳದಲ್ಲಿ, ರೇಷನ್ ಕಾರ್ಡಿನ ಜೊತೆ, ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು ಮಡಿಚಿಟ್ಟಿರುತ್ತದೆ. ಅದರಲ್ಲಿ ಟಿ.ಎ.ಎಚ್. ಎಂದಷ್ಟೇ ಬರೆದಿದ್ದರೆ ಗರ್ಭಕೋಶ ಮಾತ್ರ ಹೋಗಿರಬಹುದು; ಅದರ ಮುಂದೆ ಬಿ.ಎಸ್.ಒ. ಎಂಬ ಮೂರು ಅಕ್ಷರಗಳಿದ್ದರೆ ಎರಡೂ ಅಂಡಾಶಯಗಳು ಹೋಗಿವೆ. ಆ ಅಕ್ಷರಗಳನ್ನು ಓದಬಲ್ಲವರು ಓದಿ, ಆಕೆಯ ವಯಸ್ಸನ್ನು ಕೇಳಿ, ನಲವತ್ತೈದರೊಳಗಾಗಿದ್ದರೆ ಸ್ತ್ರೀರೋಗತಜ್ಞರ ಬಳಿಗೆ ಜೊತೆಯಲ್ಲಿ ಹೋಗಬಹುದು. ಹೋಗುವಾಗ ಕಾರ್ಡನ್ನು ಮರೆಯದೆ ಒಯ್ಯಬೇಕು. ಕೋಣೆಯೊಳಗೆ ಆಕೆಯ ಜೊತೆ ಕನ್ನಡ ಬಲ್ಲ ಹೆಂಗಸೊಬ್ಬಳಿದ್ದರೆ ಒಳ್ಳೆಯದು.